ಅಚ್ಚಿನ ಕ್ಯಾಂಡಲ್ ಮೈಮೇಲಿನ ಗುಳಿ, ಗೆರೆ, ಬಿರುಕು: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲೇ ಕ್ಯಾಂಡಲ್ ಮಾಡುವವರು ಅದು ಉರಿಯುವ ಬಗ್ಗೆ ಕೇಳುವುದು ಕಡಿಮೆ. ಹೆಚ್ಚಿನ ಪ್ರಶ್ನೆಗಳು ಅದರ ಮೈಯ ಬಗ್ಗೆಯೇ ಇರುತ್ತವೆ. ಅಚ್ಚು ಬಿಚ್ಚಿ ನೋಡಿದರೆ ಗುಳಿ ಬಿದ್ದಿದೆ, ಗೆರೆ ಕಟ್ಟಿದೆ, ಬಿಳಿಚಿಕೊಂಡಿದೆ. ಹೋಂಸ್ಟೇಗೆ ಕೊಡುತ್ತೇನೆಂದು ಒಪ್ಪಿಕೊಂಡದ್ದು, ಕ್ರಿಸ್‌ಮಸ್‌ಗೆ ಆರ್ಡರ್ ಹಿಡಿದದ್ದು ಹೀಗೆ ಬಂದರೆ ಆಗುವ ಸಂಕಟ ನನಗೆ ಚೆನ್ನಾಗಿ ಗೊತ್ತು.

ಮೇಣವೇ ಸರಿಯಿಲ್ಲ ಎಂದು ಬೇರೆ ಮೇಣ ತರಿಸುವ ಮೊದಲು ಒಂದು ಲೆಕ್ಕ ಹಾಕಿ. ಜುಲೈಯಲ್ಲಿ ಮಡಿಕೇರಿಯ ಅಡುಗೆಮನೆಯ ಬಿಸಿ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಕಲ್ಲಿನ ಕಟ್ಟೆಯೂ ಅದರ ಮೇಲಿಟ್ಟ ಅಲ್ಯೂಮಿನಿಯಂ ಅಚ್ಚೂ ಅಷ್ಟೇ ತಣ್ಣಗಿರುತ್ತವೆ. ವಿಡಿಯೊಗಳಲ್ಲಿ ಹೇಳುವ ಅಳತೆಗಳು ಹೆಚ್ಚಾಗಿ ಇದಕ್ಕಿಂತ ಬೆಚ್ಚಗಿನ, ಒಣಗಿದ ಕೋಣೆಗೆ ಹೊಂದುವಂಥವು. ಮೇಣ, ಅಚ್ಚು, ಕೋಣೆ ಈ ಮೂರರ ಬಿಸಿಯ ಅಂತರ ಮಿತಿಮೀರಿದರೆ ಅದು ಮೊದಲು ಕಾಣುವುದು ಕ್ಯಾಂಡಲಿನ ಮೈಮೇಲೆ. ಕೊಡಗಿನಲ್ಲಿ ಬರುವ ದೋಷಗಳಲ್ಲಿ ಬಹುಪಾಲು ಇದೇ. ಇದಕ್ಕೆ ಮೇಣ ಬದಲಿಸಬೇಕಾಗಿಲ್ಲ, ಅಚ್ಚನ್ನು ಬೆಚ್ಚಗೆ ಮಾಡಿದರೆ ಸಾಕಾಗುತ್ತದೆ.

ಕ್ಯಾಂಡಲ್ ನೋಡಿಯೇ ತಪ್ಪು ಎಲ್ಲಾಯಿತೆಂದು ಹೇಳಬಹುದೇ?

ಬಹುಮಟ್ಟಿಗೆ ಹೇಳಬಹುದು. ಕಂಬದಾಕಾರದ ಅಚ್ಚಿನಲ್ಲಿ ಕ್ಯಾಂಡಲ್ ತಲೆಕೆಳಗಾಗಿ ತಯಾರಾಗುತ್ತದೆ. ಅಚ್ಚಿನ ತಳವೇ ಕ್ಯಾಂಡಲಿನ ತಲೆ. ತಲೆಯ ಹತ್ತಿರ ಗುಳಿಯೋ ಗೆರೆಯೋ ಇದ್ದರೆ ಅದು ಮೇಣ ಮೊದಲು ಬಿದ್ದಾಗ ಆದದ್ದು: ಅಚ್ಚು ತಣ್ಣಗಿತ್ತು, ಇಲ್ಲವೇ ಒಳಗೆ ತೇವವಿತ್ತು, ಇಲ್ಲವೇ ಎತ್ತರದಿಂದ ಸುರಿದಿರಿ. ಬುಡದ ಹತ್ತಿರ ಇದ್ದರೆ, ನಡುವೆ ಬಿದ್ದ ಗುಂಡಿ ಮುಚ್ಚಲು ಎರಡನೇ ಸಲ ಮೇಣ ತುಂಬಿದಾಗ ಆದದ್ದು. ಸುತ್ತಲೂ ಒಂದೇ ಮಟ್ಟದಲ್ಲಿ ಗೆರೆ ಇದ್ದರೆ ಸುರಿಯುತ್ತಾ ಅಲ್ಲಿ ಕೈ ನಿಂತಿರಬೇಕು, ಇಲ್ಲವೇ ತಣಿಸಲು ಅಚ್ಚನ್ನು ನಿಲ್ಲಿಸಿದ ನೀರು ಅಲ್ಲಿಯವರೆಗೆ ಮಾತ್ರ ಇದ್ದಿರಬೇಕು. ಒಂದೇ ಮಗ್ಗುಲು ಕೆಟ್ಟಿದ್ದರೆ ಆ ಕಡೆಗೆ ಕಿಟಕಿಯ ಗಾಳಿ ಬೀಸುತ್ತಿತ್ತೇ ನೋಡಿ.

ಆದ್ದರಿಂದ ಕೆಟ್ಟಿತೆಂದು ಕೂಡಲೇ ಕರಗಿಸಲು ಹಾಕಬೇಡಿ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಒಂದು ಸುತ್ತು ತಿರುಗಿಸಿ. ಸುರಿದಾಗಿನ ಬಿಸಿ, ಕೋಣೆಯ ಬಿಸಿ, ದೋಷ ಎಲ್ಲಿದೆ ಎಂಬುದನ್ನು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಸಲ ಒಂದೇ ಒಂದನ್ನು ಬದಲಿಸಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದೇ ತಿಳಿಯುವುದಿಲ್ಲ.

ಕ್ಯಾಂಡಲಿನ ಸುತ್ತ ಅಡ್ಡಡ್ಡವಾಗಿ ಗೆರೆ ಗೆರೆ ಬಂದಿದೆ. ಏನು ಕಾರಣ?

ಬೆರಳಿನಿಂದ ಸವರಿ ನೋಡಿ. ಸಣ್ಣ ಸಣ್ಣ ಮೆಟ್ಟಿಲಿನಂತೆ ತಗುಲಿದರೆ ತಣ್ಣನೆಯ ಅಚ್ಚಿಗೆ ನಿಧಾನವಾಗಿ ಸುರಿದ ಗುರುತು ಅದು. ಮೇಣ ಏರುತ್ತಾ ಹೋದಂತೆ ಅಂಚು ಗೋಡೆಗೆ ತಗಲಿದಲ್ಲೇ ಗಟ್ಟಿಯಾಗಿ, ಮುಂದಿನ ಮೇಣ ಅದರ ಮೇಲೆ ಹತ್ತಿ ಕೂರುತ್ತದೆ. ಅಚ್ಚನ್ನು ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ. ಹೊರಗಿನಿಂದ ಮುಟ್ಟಿದರೆ ಕೈಗೆ ಹಿತವಾದ ಬಿಸಿ ಇರಬೇಕು, ಅಂದರೆ ಸುಮಾರು 40 ಡಿಗ್ರಿ. ಕರೆಂಟ್ ಇಲ್ಲದಿದ್ದರೆ ಬಚ್ಚಲೊಲೆಯ ಪಕ್ಕದ ಕಟ್ಟೆಯ ಮೇಲೆ ಅಚ್ಚನ್ನು ಸ್ವಲ್ಪ ಹೊತ್ತು ಇಟ್ಟರೂ ಆಯಿತು, ಬೂದಿ ಹಾರಿ ಒಳಗೆ ಬೀಳದಂತೆ ಬಾಯಿ ಮುಚ್ಚಿರಲಿ. ಮೇಣವನ್ನು ನಿಲ್ಲಿಸದೆ ಒಂದೇ ಧಾರೆಯಲ್ಲಿ ಸುರಿಯಿರಿ.

ಕೆಳಗಿನ ತೂತಿನಿಂದ ಮೇಣ ಸೋರುತ್ತಿದ್ದರೂ ಇಂಥದೇ ಗೆರೆಗಳು ಬರುತ್ತವೆ, ಮಟ್ಟ ಇಳಿದಲ್ಲೆಲ್ಲ ಒಂದೊಂದು ಅಂಚು ಉಳಿಯುತ್ತದೆ. ಬತ್ತಿಯ ದಾರ ಹೊರಬರುವ ತೂತಿಗೆ ಮೌಲ್ಡ್ ಸೀಲರ್ ಎಂಬ ಅಂಟುಮುದ್ದೆ ಅಥವಾ ಮಕ್ಕಳ ಆಟದ ಕ್ಲೇಯನ್ನು ಒತ್ತಿ ಮೆತ್ತಿ, ಅಚ್ಚನ್ನು ತಟ್ಟೆಯೊಳಗಿಟ್ಟೇ ಸುರಿಯಿರಿ.

ಮೈತುಂಬ ಸಣ್ಣ ಗುಳಿಗಳು. ಗಾಳಿಯೋ, ನೀರೋ?

ಎರಡೂ ಇರಬಹುದು, ಆದರೆ ಗುಳಿಯ ರೂಪ ಬೇರೆ. ಗಾಳಿಗುಳ್ಳೆ ದುಂಡಗೆ, ಒಳಗೆ ನುಣುಪಾಗಿ ಇರುತ್ತದೆ. ಹೆಚ್ಚಾಗಿ ಅಚ್ಚಿನ ತಳದ ಮೂಲೆಯಲ್ಲಿ, ಕೆತ್ತನೆಯ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತದೆ. ನೀರಿನಿಂದ ಬಂದ ಗುಳಿಗೆ ಸರಿಯಾದ ಆಕಾರವಿಲ್ಲ. ಗುಂಪುಗುಂಪಾಗಿ ಬಂದು ಸುತ್ತಲಿನ ಮೇಣ ಮಬ್ಬಾಗಿ ಬೆಳ್ಳಗಾಗಿರುತ್ತದೆ. ಅಂಥ ಕ್ಯಾಂಡಲ್ ಹಚ್ಚಿದರೆ ಚಟಪಟ ಸದ್ದು ಮಾಡುತ್ತದೆ.

ಮಳೆಗಾಲದಲ್ಲಿ ಕೊಡಗಿನವರನ್ನು ಹೆಚ್ಚು ಕಾಡುವುದು ಈ ಎರಡನೆಯದು. ಸ್ಟೋರ್ ರೂಮಿನಲ್ಲಿದ್ದ ಲೋಹದ ಅಚ್ಚನ್ನು ಅನ್ನ ಬೇಯುತ್ತಿರುವ ಅಡುಗೆಮನೆಗೆ ತಂದರೆ ಸಾಕು, ಹಬೆಯ ತೇವ ಅದರ ಒಳಮೈಗೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಹತ್ತುತ್ತದೆ. ಟಾರ್ಚ್ ಹಾಕಿ ಒಳಗೆ ಇಣುಕಿ. ಲೋಹ ಮಂಕಾಗಿ ಕಂಡರೆ ಒಣಬಟ್ಟೆಯಿಂದ ಒರೆಸಿ, ಡ್ರೈಯರ್ ಹಿಡಿಯಿರಿ. ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಮೇಣ ಕರಗಿಸುವಾಗ ಮುಚ್ಚಳದ ಹನಿ ಮೇಣಕ್ಕೆ ಬೀಳುವುದು ಇನ್ನೊಂದು ದಾರಿ. ಮೇಣ ಕರಗಿಸಿದ ಜಗ್ಗನ್ನು ನೀರಿನಿಂದ ಎತ್ತಿದ ಕೂಡಲೇ ಅದರ ಹೊರಮೈ ಮತ್ತು ತಳವನ್ನು ಒರೆಸಲೇಬೇಕು, ಇಲ್ಲದಿದ್ದರೆ ಸುರಿಯುವಾಗ ಆ ನೀರು ಜಾರಿ ಅಚ್ಚಿನೊಳಕ್ಕೆ ಹೋಗುತ್ತದೆ. ಹತ್ತಿಯ ದಾರವೂ ತೇವ ಹೀರುತ್ತದೆ. ಅದನ್ನು ಕರಗಿದ ಮೇಣದಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ತೆಗೆದು, ನೇರವಾಗಿ ಎಳೆದು ಒಣಗಿಸಿ ಇಟ್ಟುಕೊಳ್ಳಿ.

ಗಾಳಿಗುಳ್ಳೆಗೆ ಮದ್ದು ಸುಲಭ. ಅಚ್ಚನ್ನು ಸ್ವಲ್ಪ ವಾಲಿಸಿ, ಗೋಡೆಗುಂಟ ಇಳಿಯುವಂತೆ ಸುರಿಯಿರಿ. ತುಂಬಿದ ಒಂದೆರಡು ನಿಮಿಷದೊಳಗೆ ಮರದ ಸೌಟಿನ ಹಿಡಿಯಿಂದ ಅಚ್ಚಿನ ಸುತ್ತ ಮೆಲ್ಲಗೆ ತಟ್ಟಿ. ಬಣ್ಣ, ಪರಿಮಳ ಬೆರೆಸುವಾಗ ಮೇಣವನ್ನು ಕಡೆಯಬೇಡಿ, ನಿಧಾನವಾಗಿ ತಿರುವಿ.

ಹಾಗಾದರೆ ಎಷ್ಟು ಬಿಸಿ ಇರುವಾಗ ಸುರಿಯಬೇಕು?

ಪೇಟೆಯಲ್ಲಿ ಸಿಗುವ ಸಾಮಾನ್ಯ ಪ್ಯಾರಾಫಿನ್ ಮೇಣ 58ರಿಂದ 60 ಡಿಗ್ರಿಗೆ ಕರಗುವಂಥದು. ಲೋಹದ ಅಚ್ಚಿಗೆ ಅದನ್ನು 80–85 ಡಿಗ್ರಿಯಲ್ಲಿ, ಸಿಲಿಕೋನ್ ಅಚ್ಚಿಗೆ 70–75 ಡಿಗ್ರಿಯಲ್ಲಿ ಸುರಿಯಬಹುದು. ಜೇನುಮೇಣ ಕರಗುವುದು 62ರಿಂದ 65 ಡಿಗ್ರಿಯಲ್ಲಿ, ಅದನ್ನು 70ರ ಆಸುಪಾಸಿನಲ್ಲಿ ಸುರಿದರೆ ಸಾಕು. ಸೋಯಾ ಮೇಣದಲ್ಲಿ ತಳಿ ಬಹಳ, ಆದ್ದರಿಂದ ಚೀಲದ ಮೇಲೆ ಬರೆದದ್ದನ್ನೇ ಹಿಡಿಯಿರಿ. ಗಾಜಿನ ಲೋಟಕ್ಕೆಂದು ಮಾಡಿದ ಮೆದು ಸೋಯಾ ಮೇಣ ಅಚ್ಚಿಗೆ ಆಗುವುದಿಲ್ಲ.

ಇವು ಆರಂಭದ ಅಂಕಿಗಳು. ಕುಶಾಲನಗರದ ಏಪ್ರಿಲ್ ಸೆಕೆಯಲ್ಲಿ ಐದು ಡಿಗ್ರಿ ಕೆಳಗೆ, ಭಾಗಮಂಡಲದ ಮಳೆಯಲ್ಲಿ ಐದು ಡಿಗ್ರಿ ಮೇಲೆ ಹೋಗಬೇಕಾದೀತು. ಅಂದಾಜಿಗೆ ಬಿಡಬೇಡಿ, ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಇಟ್ಟುಕೊಳ್ಳಿ. ಈ ಕೆಲಸಕ್ಕೆ ಕೊಳ್ಳುವ ಸಾಮಾನಿನಲ್ಲಿ ಅದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮಡಿಕೇರಿಯಲ್ಲಿ ಒಂದು ಸಂಗತಿ ಗಮನಿಸಬೇಕು. ಊರು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 96 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ಅದರೊಳಗಿಟ್ಟ ಪಾತ್ರೆಯ ಮೇಣ ಅದಕ್ಕಿಂತ ಕೆಳಗೇ ನಿಲ್ಲುತ್ತದೆ. ಆದ್ದರಿಂದ 85 ಡಿಗ್ರಿ ಮುಟ್ಟಲು ತಾಳ್ಮೆ ಬೇಕು. ಬೇಗ ಆಗಲಿ ಎಂದು ಪಾತ್ರೆಯನ್ನು ನೇರ ಉರಿಗೆ ಇಡುವವರಿದ್ದಾರೆ. ದಯವಿಟ್ಟು ಬೇಡ. ಮೇಣ ಕುದಿದು ಎಚ್ಚರಿಕೆ ಕೊಡುವುದಿಲ್ಲ, ಹೊಗೆಯಾಡಿ ನೇರವಾಗಿ ಬೆಂಕಿ ಹಿಡಿಯುತ್ತದೆ. ಹಿಡಿದರೆ ನೀರು ಹಾಕಬಾರದು; ಒಲೆ ಆರಿಸಿ, ಮುಚ್ಚಳ ಮುಚ್ಚಿ, ತಣಿಯುವವರೆಗೆ ಪಾತ್ರೆಯನ್ನು ಅಲ್ಲಾಡಿಸಬೇಡಿ.

ಅಕ್ಕಾ, ನಾವು ಅಚ್ಚಿಗೆ ತೆಂಗಿನೆಣ್ಣೆಯನ್ನೇ ಸವರುವುದು. ಮೈಮೇಲೆ ಎಳೆ ಎಳೆಯಾಗಿ ಕಾಣುತ್ತದಲ್ಲ?

ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಚಳಿಯಲ್ಲಿ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಅಚ್ಚಿನ ಗೋಡೆಯ ಮೇಲೂ ಹಾಗೇ ಆಗುತ್ತದೆ. ಬೆರಳು ಸವರಿದ ಗುರುತು ಗುರುತಾಗಿ ಉಳಿದು, ಅದೇ ಎಳೆಗಳು ಕ್ಯಾಂಡಲಿನ ಮೇಲೆ ಮೂಡುತ್ತವೆ. ಶೇಂಗಾ ಎಣ್ಣೆ, ಸೂರ್ಯಕಾಂತಿ ಎಣ್ಣೆ ಯಾವುದಾದರೂ ಆಗಬಹುದು, ಆದರೆ ಎರಡು ಹನಿಗಿಂತ ಹೆಚ್ಚು ಬೇಡ. ಹತ್ತಿಬಟ್ಟೆಗೆ ತಾಗಿಸಿ ಒಳಗೆಲ್ಲ ಒರೆಸಿ, ಆಮೇಲೆ ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿ ತೆಗೆಯಿರಿ. ಮುಟ್ಟಿದರೆ ಜಿಡ್ಡೆನಿಸಬಾರದು. ಸಿಲಿಕೋನ್ ಸ್ಪ್ರೇ ಸಿಕ್ಕರೆ ಇನ್ನೂ ಒಳ್ಳೆಯದು. ಸಿಲಿಕೋನ್ ಅಚ್ಚಿಗೆ ಏನೂ ಬೇಕಾಗಿಲ್ಲ.

ನಡುವೆ ಗುಂಡಿ ಬೀಳುತ್ತದೆ, ಕೆಲವು ಸಲ ಮಗ್ಗುಲೂ ಒಳಕ್ಕೆ ಎಳೆದುಕೊಳ್ಳುತ್ತದೆ. ತಡೆಯುವುದು ಹೇಗೆ?

ಪೂರ್ತಿ ತಡೆಯಲಾಗುವುದಿಲ್ಲ, ಅದು ಮೇಣದ ಗುಣ. ದ್ರವವಾಗಿದ್ದ ಪ್ಯಾರಾಫಿನ್ ಗಟ್ಟಿಯಾಗುವಾಗ ಅದರ ಗಾತ್ರ ನೂರಕ್ಕೆ ಹತ್ತಕ್ಕಿಂತಲೂ ಹೆಚ್ಚು ಕುಗ್ಗುತ್ತದೆ. ಗೋಡೆಯ ಪಕ್ಕ ಮೊದಲು ಗಟ್ಟಿಯಾಗುತ್ತದೆ, ದಾರದ ಸುತ್ತ ಕೊನೆಗೆ. ಕುಗ್ಗಿದ್ದಕ್ಕೆ ಜಾಗ ಸಿಗದೆ ಒಳಗೊಂದು ಪೊಳ್ಳು ಉಳಿಯುತ್ತದೆ. ಆ ಪೊಳ್ಳಿಗೆ ಮೇಲಿನಿಂದ ಗಾಳಿ ಹೋಗುವ ದಾರಿ ಇಲ್ಲದಿದ್ದರೆ ಇನ್ನೂ ಮೆತ್ತಗಿರುವ ಮಗ್ಗುಲನ್ನು ಒಳಕ್ಕೆ ಎಳೆಯುತ್ತದೆ.

ಹಾಲಿನ ಮೇಲೆ ಕೆನೆ ಕಟ್ಟಿದಂತೆ ಮೇಣದ ಮೇಲೆ ಪದರ ಕಟ್ಟಿದಾಗ ಬಿದಿರು ಕಡ್ಡಿಯಿಂದ ದಾರದ ಸುತ್ತ ಮೂರು ನಾಲ್ಕು ಕಡೆ ಚುಚ್ಚಿ, ಕಡ್ಡಿ ಮುಕ್ಕಾಲು ಆಳ ಇಳಿಯಲಿ. ತೂತು ಮುಚ್ಚಿಕೊಂಡರೆ ಮತ್ತೆ ಚುಚ್ಚಿ. ಇದಕ್ಕೆಂದೇ ಮೊದಲೇ ಎತ್ತಿಟ್ಟ ಸ್ವಲ್ಪ ಮೇಣವನ್ನು ಮೊದಲಿಗಿಂತ ನಾಲ್ಕೈದು ಡಿಗ್ರಿ ಹೆಚ್ಚು ಬಿಸಿ ಮಾಡಿ ಆ ತೂತುಗಳಿಗೆ ಸುರಿಯಿರಿ. ಮೊದಲ ಮೇಣದ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗೇ ನಿಲ್ಲಿಸಬೇಕು. ಮೇಲೆ ಹೋದರೆ ಬಿಸಿ ಮೇಣ ಕ್ಯಾಂಡಲಿಗೂ ಅಚ್ಚಿಗೂ ನಡುವಿನ ಸಂದಿಗೆ ಇಳಿದು ಬುಡದ ಸುತ್ತ ಹಕ್ಕಳೆಯಂಥ ಪದರ ಕೂರುತ್ತದೆ, ಕ್ಯಾಂಡಲ್ ಅಚ್ಚಿನಿಂದ ಹೊರಬರುವುದೂ ಕಷ್ಟ. ಹೊಸ ಕ್ಯಾಂಡಲಿನ ಬುಡದಲ್ಲಿ ಎಬ್ಬಿಸಿದರೆ ಏಳುವ ತೆಳು ಪದರ ಕಂಡರೆ ಕಾರಣ ಇದೇ.

ಮಳೆಗಾಲದಲ್ಲಿ ಪದರ ಬೇಗ ಕಟ್ಟುತ್ತದೆ. ಸುರಿದಿಟ್ಟು ತೋಟಕ್ಕೆ ಹೋಗಿ ಬಂದು ನೋಡೋಣವೆಂದರೆ ಚುಚ್ಚುವ ಹೊತ್ತು ದಾಟಿರುತ್ತದೆ.

ಬಿರುಕು ಬಿಟ್ಟಿದೆ. ಫ್ರಿಜ್ಜಿನಲ್ಲಿಟ್ಟದ್ದು ತಪ್ಪೇ?

ಹೌದು, ಬಿಸಿ ಇರುವಾಗಲೇ ಇಟ್ಟಿದ್ದರೆ. ಹೊರಮೈ ಗಟ್ಟಿಯಾಗಿ ಕುಗ್ಗುತ್ತದೆ, ಒಳಗಿನದು ಇನ್ನೂ ಬಿಸಿಯಾಗಿ ಉಬ್ಬಿರುತ್ತದೆ. ಎಳೆತ ತಾಳಲಾರದೆ ಮೈ ಸೀಳುತ್ತದೆ. ಮಳೆಗಾಲದ ರಾತ್ರಿ ಕಿಟಕಿ ತೆರೆದಿಟ್ಟರೂ ಇದೇ ಆಗಬಹುದು. ರಟ್ಟಿನ ಪೆಟ್ಟಿಗೆಯೊಂದನ್ನು ಅಚ್ಚುಗಳ ಮೇಲೆ ಕವುಚಿ, ಅದರ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿ. ಕೂರ್ಗ್ ಚಳಿಗೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಲೋಹದ ಅಚ್ಚನ್ನು ನೀರಿನಲ್ಲಿ ನಿಲ್ಲಿಸಿ ತಣಿಸುವ ಕ್ರಮ ಒಳ್ಳೆಯದೇ, ಪ್ಯಾರಾಫಿನ್‌ಗೆ ಚೆನ್ನಾದ ಹೊಳಪು ಬರುತ್ತದೆ. ಆದರೆ ಜುಲೈಯ ನಲ್ಲಿ ನೀರು, ಬಾವಿ ನೀರು ಬಹಳ ತಣ್ಣಗಿರುತ್ತದೆ. ಸ್ವಲ್ಪ ಬಿಸಿನೀರು ಬೆರೆಸಿ ಉಗುರುಬೆಚ್ಚಗೆ ಮಾಡಿಕೊಳ್ಳಿ. ಒಳಗಿನ ಮೇಣ ಎಷ್ಟಿದೆಯೋ ಹೊರಗಿನ ನೀರೂ ಅಷ್ಟೇ ಎತ್ತರಕ್ಕಿರಲಿ, ಇಲ್ಲವಾದರೆ ನೀರಿನ ಮಟ್ಟದಲ್ಲೇ ಒಂದು ಗೆರೆ ಅಚ್ಚೊತ್ತಿದಂತೆ ಉಳಿಯುತ್ತದೆ. ಅಚ್ಚು ತೇಲದಂತೆ ಮೇಲೊಂದು ಭಾರ ಇಡಿ.

ಅಡ್ಡಲಾಗಿ, ಒಂದು ತುಂಡು ಕಳಚುವಂತೆ ಬಿರುಕು ಬಿದ್ದಿದ್ದರೆ ಫ್ರಿಜ್ಜಿನ ತಪ್ಪಲ್ಲ. ಮೊದಲ ಮೇಣ ಪೂರ್ತಿ ತಣಿದ ಮೇಲೆ ಎರಡನೆಯದನ್ನು ಹಾಕಿದ್ದೀರಿ, ಎರಡೂ ಬೆಸೆದುಕೊಂಡಿಲ್ಲ. ಬಣ್ಣಬಣ್ಣದ ಪಟ್ಟಿಯ ಕ್ಯಾಂಡಲ್ ಮಾಡುವವರು ಇದನ್ನು ಹೆಚ್ಚು ಕಾಣುತ್ತಾರೆ. ಕೆಳಗಿನ ಪದರ ಬೆರಳಿಗೆ ರಬ್ಬರಿನಂತೆ ಮೆತ್ತಗಿರುವಾಗಲೇ ಮೇಲಿನದನ್ನು ಸುರಿಯಬೇಕು.

ಅಚ್ಚಿನಿಂದ ಬರುವುದೇ ಇಲ್ಲ. ಎಳೆದರೆ ಮೈ ಗೀರಿಹೋಗುತ್ತದೆ.

ಒಳಗೂ ತಣ್ಣಗಾಗುವವರೆಗೆ ಬಿಡಿ, ದಪ್ಪ ಕ್ಯಾಂಡಲಿಗೆ ಒಂದು ರಾತ್ರಿ ಬೇಕು. ಆಮೇಲೂ ಬರದಿದ್ದರೆ ಫ್ರಿಜ್ಜಿನಲ್ಲಿ ಹತ್ತು ಹದಿನೈದು ನಿಮಿಷ ಇಡಿ, ಫ್ರೀಜರಿನಲ್ಲಿ ಬೇಡ. ಚಾಕು ಹಾಕಿ ಎಬ್ಬಿಸಿದರೆ ಅಚ್ಚಿಗೆ ಬಿದ್ದ ಗೀರು ಮುಂದಿನ ಪ್ರತಿ ಕ್ಯಾಂಡಲಿನ ಮೇಲೂ ಮೂಡುತ್ತದೆ.

ಪ್ಯಾರಾಫಿನ್ ಕಿಲೋಗೆ 100 ಗ್ರಾಂ ಸ್ಟಿಯರಿಕ್ ಆಸಿಡ್ (ಒಂದು ಬಗೆಯ ಕೊಬ್ಬಿನ ಆಮ್ಲ) ಸೇರಿಸಿದರೆ ಕ್ಯಾಂಡಲ್ ಗಟ್ಟಿಯಾಗಿ, ಹಾಲುಬಿಳುಪಾಗಿ, ಸುಲಭವಾಗಿ ಕಳಚಿಕೊಂಡು ಬರುತ್ತದೆ. ಅದು ಕರಗಲು ಸುಮಾರು 70 ಡಿಗ್ರಿ ಬೇಕು, ಆದ್ದರಿಂದ ಅದನ್ನು ಮೊದಲು ಕರಗಿಸಿಕೊಂಡು ಆಮೇಲೆ ಪ್ಯಾರಾಫಿನ್ ಹಾಕಿ. ಲ್ಯಾಟೆಕ್ಸ್ ರಬ್ಬರಿನ ಅಚ್ಚಿಗೆ ಮಾತ್ರ ಇದು ಶತ್ರು, ರಬ್ಬರು ಹಾಳಾಗುತ್ತದೆ. ಸ್ಟೀಲ್ ಲೋಟವನ್ನೇ ಅಚ್ಚು ಮಾಡಿಕೊಳ್ಳುವವರು ಬಾಯಿ ಅಗಲವಿದ್ದು ತಳ ಕಿರಿದಾದದ್ದನ್ನು ಆರಿಸಿ. ಕತ್ತು ಸಣ್ಣಗಿರುವ ಚೊಂಬಿಗೆ ಸುರಿದರೆ ಕ್ಯಾಂಡಲ್ ಹೊರಬರುವ ಮಾತೇ ಇಲ್ಲ.

ಜೇನುಮೇಣದ ಕ್ಯಾಂಡಲಿಗೆ ಬಿಳಿ ಪುಡಿ ಹತ್ತಿದೆ. ಮಳೆಗೆ ಬೂಷ್ಟು ಹಿಡಿಯಿತೇ?

ಇದು ಬೂಷ್ಟಲ್ಲ. ಜೇನುಮೇಣದೊಳಗಿನ ಕೆಲವು ಮೆದು ಅಂಶಗಳು ದಿನ ಕಳೆದಂತೆ ಮೇಲೆ ಬಂದು ಸಣ್ಣ ಹರಳಾಗಿ ಕೂರುತ್ತವೆ. ತಂಪು ಜಾಗದಲ್ಲಿ ಬೇಗ ಬರುತ್ತದೆ, ಆದ್ದರಿಂದಲೇ ಕೊಡಗಿನಲ್ಲಿ ಹೆಚ್ಚು ಕಾಣುತ್ತದೆ. ಹೇರ್ ಡ್ರೈಯರ್ ಬಿಸಿಗಾಳಿ ಸ್ವಲ್ಪ ದೂರದಿಂದ ತೋರಿಸಿ. ಪುಡಿ ಕಣ್ಣೆದುರೇ ಕರಗಿ, ಕೆಳಗಿನ ಹೊಂಬಣ್ಣ ಕಾಣುತ್ತದೆ. ಬೂಷ್ಟಾಗಿದ್ದರೆ ಹಾಗೆ ಮಾಯವಾಗುವುದಿಲ್ಲ, ನವಿರು ಕೂದಲಿನಂತೆ ಎದ್ದಿರುತ್ತದೆ, ಮುಗ್ಗಲು ವಾಸನೆಯೂ ಇರುತ್ತದೆ. ಅದು ಬರುವುದು ಮೇಣಕ್ಕಲ್ಲ, ಕ್ಯಾಂಡಲಿಗೆ ಅಂಟಿಸಿದ ಒಣಹೂವಿಗೆ, ಕಿತ್ತಳೆ ಸಿಪ್ಪೆಗೆ, ಸುತ್ತಿದ ಸೆಣಬಿನ ದಾರಕ್ಕೆ.

ಮಾರುವವರಿಗೆ ನನ್ನ ಸಲಹೆ: ಆ ಬಿಳಿಯನ್ನು ದೋಷವೆಂದು ಮುಚ್ಚಿಡಬೇಡಿ. ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ ಎಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಜೇನುಮೇಣವೆಂದು ಕೊಂಡದ್ದಕ್ಕೆ ಎಷ್ಟು ತಿಂಗಳಾದರೂ ಈ ಬಿಳಿ ಬಾರದೆ, ಅಚ್ಚಿನ ನಡುವೆ ದೊಡ್ಡ ಗುಂಡಿಯೂ ಬೀಳುತ್ತಿದ್ದರೆ ಪ್ಯಾರಾಫಿನ್ ಬೆರಸಿರಬಹುದೆಂಬ ಅನುಮಾನ ಇಟ್ಟುಕೊಳ್ಳಿ.

ಊರಿನ ಜೇನುಮೇಣ ತಂದು ಕರಗಿಸಿದೆವು. ಕಪ್ಪು ಚುಕ್ಕೆ, ಕಂದು ಬಣ್ಣ.

ಜೇನು ಹಿಂಡಿದ ಎರಿಯಲ್ಲಿ ಮರಿಗಳ ಪೊರೆ, ಪರಾಗ, ಉಳಿದ ಜೇನು ಎಲ್ಲ ಇರುತ್ತದೆ. ಅದನ್ನು ನೀರಿನೊಂದಿಗೆ ಕರಗಿಸಿ, ಹತ್ತಿಬಟ್ಟೆಯಲ್ಲಿ ಸೋಸಿ, ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ ನಿಧಾನವಾಗಿ ತಣಿಯಲು ಬಿಡಿ. ಮೇಣ ಮೇಲೆ ಬಿಲ್ಲೆಯಾಗಿ ನಿಲ್ಲುತ್ತದೆ, ಕಸ ಅದರ ಅಡಿಗೆ ಕೂರುತ್ತದೆ. ಆ ಅಡಿಯನ್ನು ಹೆರೆದು ತೆಗೆದು, ಇನ್ನೊಮ್ಮೆ ಹಾಗೇ ಮಾಡಿ. ಬಿಲ್ಲೆಯನ್ನು ಚೆನ್ನಾಗಿ ಒಣಗಿಸಿದ ಮೇಲೆಯೇ ಕ್ಯಾಂಡಲಿಗೆ ಬಳಸಬೇಕು. ನೀರು ಮೆದುವಾಗಿರಬೇಕು, ಸುಣ್ಣದಂಶವಿರುವ ಬೋರ್‌ವೆಲ್ ನೀರಿನಲ್ಲಿ ಮೇಣ ಮಬ್ಬಾಗುತ್ತದೆ. ಮಾಡಿನಿಂದ ಇಳಿಯುವ ಮಳೆನೀರನ್ನೇ ಹಿಡಿದು ಸೋಸಿ ಬಳಸಿ, ನಮ್ಮಲ್ಲಿ ಅದಕ್ಕೇನು ಬರ!

ಪಾತ್ರೆ ಸ್ಟೀಲಿನದಿರಲಿ. ಕಬ್ಬಿಣದ ಬಾಣಲೆ ಮೇಣವನ್ನು ಕಂದು ಮಾಡುತ್ತದೆ, ತಾಮ್ರ ಹಸಿರು ಛಾಯೆ ಕೊಡುತ್ತದೆ. 85 ಡಿಗ್ರಿ ದಾಟಿಸಿದರೂ ಬಣ್ಣ ಕೆಡುತ್ತದೆ, ಪರಿಮಳವೂ ಹೋಗುತ್ತದೆ.

ತುಡುವೆ ಜೇನಿನ ಮೇಣ ಸಿಕ್ಕರೆ ಜೋಪಾನ ಮಾಡಿ. 1991–92ರ ಹೊತ್ತಿಗೆ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದಲ್ಲೆಲ್ಲ ತುಡುವೆ ಕುಟುಂಬಗಳು ನಾಶವಾದವು, ಜೇನುಪೆಟ್ಟಿಗೆಗೆ ಹೆಸರಾದ ಕೊಡಗೂ ಅದರ ಪೆಟ್ಟು ತಿಂದಿತು. ಕಾಫಿ ಹೂವಿನ ಕಾಲ ಮುಗಿದು ಜೇನು ಇಳಿಸಿದಾಗ ಸಿಗುವ ಹೊಸ ಎರಿಯ ಮೇಣ ತಿಳಿಹಳದಿಯಾಗಿರುತ್ತದೆ. ಅದಕ್ಕೆ ಬಣ್ಣ, ಸೆಂಟು ಏನೂ ಬೆರೆಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಸೋಯಾ ಮೇಣದ ಮೇಲೆ ಮಂಜು ಕೂತಂತೆ ಬೆಳ್ಳಗಾಗುತ್ತದೆ.

ಗಿಡಮೂಲದ ಮೇಣ ಹರಳುಗಟ್ಟುವ ರೀತಿ ಅದು. ಗಾಢ ಬಣ್ಣ ಹಾಕಿದಷ್ಟೂ ಎದ್ದು ಕಾಣುತ್ತದೆ. ಅಚ್ಚು ಬೆಚ್ಚಗಿದ್ದು, ಹಗಲು ರಾತ್ರಿಯ ಬಿಸಿ ಏರಿಳಿಯದ ಜಾಗದಲ್ಲಿ ತಣಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವ ಭರವಸೆ ಕೊಡಲಾರೆ. ಬಣ್ಣ ಹಾಕದೆ ಕೆನೆಬಿಳುಪಾಗಿಯೇ ಬಿಡುವುದು ಜಾಣತನ. ಉರಿಯುವುದಕ್ಕೆ ಏನೂ ತೊಂದರೆ ಇಲ್ಲ.

ಪ್ಯಾರಾಫಿನ್ ಮೇಲೆ ಮಸುಕು ಮಚ್ಚೆ, ಕೆಲವದಕ್ಕೆ ಎಣ್ಣೆ ಬೆವರು. ಸೆಂಟು ಹೆಚ್ಚಾಯಿತೇ?

ಹೆಚ್ಚಾಯಿತು. ಮೇಣ ಹಿಡಿದುಕೊಳ್ಳಲಾರದ ಎಣ್ಣೆ ಒಳಗೇ ಗುಂಪುಗೂಡಿದರೆ ಮಚ್ಚೆ, ಹೊರಗೆ ಬಂದರೆ ಬೆವರು. ಮೇಣದ ಚೀಲದ ಮೇಲೆ ಮಿತಿ ಬರೆದಿರುತ್ತದೆ, ಸಾದಾ ಪ್ಯಾರಾಫಿನ್‌ಗೆ ಕಿಲೋಗೆ 30ರಿಂದ 50 ಗ್ರಾಂ ಧಾರಾಳವಾಯಿತು. ಚಮಚದಲ್ಲಿ ಅಳೆಯದೆ ತೂಕ ಮಾಡಿ. ಕ್ಯಾಂಡಲಿಗೆಂದೇ ಮಾರುವ ಎಣ್ಣೆ ಇರಲಿ, ಬಟ್ಟೆಗೆ ಹಾಕುವ ಸೆಂಟು, ಅತ್ತರು ಬೇಡ. ಬೆವರಿದ ಕ್ಯಾಂಡಲನ್ನು ಟಿಶ್ಯೂನಿಂದ ಒರೆಸಿ, ತಂಪಿನಲ್ಲಿಟ್ಟು ಮನೆಯಲ್ಲೇ ಬಳಸಿ. ಮೇಲೆ ಎಣ್ಣೆ ನಿಂತದ್ದನ್ನು ಹಚ್ಚಿದರೆ ಜ್ವಾಲೆ ಭುಗಿಲೇಳಬಹುದು, ಅದನ್ನು ಯಾರಿಗೂ ಮಾರಬೇಡಿ.

ವೆನಿಲ್ಲಾ ಪರಿಮಳ ಹಾಕಿದ ಬಿಳಿ ಕ್ಯಾಂಡಲ್ ವಾರಗಳಲ್ಲಿ ಕಂದಾಗುವುದು ಬೇರೆ ವಿಷಯ. ಅದು ಆ ಪರಿಮಳ ಕೊಡುವ ವೆನಿಲಿನ್ ಎಂಬ ಅಂಶದ ಗುಣ. ಮೊದಲೇ ಕಾಫಿ ಬಣ್ಣ, ಬೆಲ್ಲದ ಬಣ್ಣ ಕೊಟ್ಟರೆ ಗೊತ್ತಾಗುವುದಿಲ್ಲ.

ಕ್ರೇಯಾನ್, ಅರಿಶಿನ, ಕಾಫಿ ಪುಡಿಯಿಂದ ಬಣ್ಣ ಕೊಡಬಹುದೇ?

ಬೇಡ. ಕರಗದ ಪುಡಿ ಅಚ್ಚಿನ ತಳಕ್ಕಿಳಿದು ಕ್ಯಾಂಡಲಿನ ತಲೆಯ ಮೇಲೆ ಚುಕ್ಕೆಯಾಗಿ ಕೂರುತ್ತದೆ, ದಾರಕ್ಕೆ ಸಿಕ್ಕಿ ಉರಿಯನ್ನೂ ಕೆಡಿಸುತ್ತದೆ. ಅರಿಶಿನದ ಹಳದಿ ಬೆಳಕಿಗೆ ಬೇಗ ಮಾಸುತ್ತದೆ. ಕಾಫಿ ಡಿಕಾಕ್ಷನ್ ಹಾಕುವವರೂ ಇದ್ದಾರೆ. ಅದು ನೀರು, ಮೇಣಕ್ಕೆ ಸೇರುವುದೇ ಇಲ್ಲ, ಮೇಲೆ ಹೇಳಿದ ಗುಳಿಗಳೆಲ್ಲ ಬರುತ್ತವೆ. ಕ್ಯಾಂಡಲ್ ಡೈ ಎಂದು ಸಿಗುವ ಎಣ್ಣೆಯಲ್ಲಿ ಕರಗುವ ಬಣ್ಣವನ್ನು ಸ್ವಲ್ಪ ಬಿಸಿ ಮೇಣದಲ್ಲಿ ಪೂರ್ತಿ ಕರಗಿಸಿಕೊಂಡು, ಆಮೇಲೆ ಉಳಿದ ಮೇಣಕ್ಕೆ ಸೇರಿಸಿ.

ಹೋಂಸ್ಟೇಯವರು ಕಾಫಿ ಬೀಜ ಕೂರಿಸಿದ ಕ್ಯಾಂಡಲ್ ಕೇಳುತ್ತಾರೆ. ಬೀಜದ ಸುತ್ತ ಗುಳ್ಳೆ ಏಳುತ್ತದೆ.

ಬೀಜದ ಸೀಳಿನಲ್ಲಿ ಗಾಳಿ ಇರುತ್ತದೆ, ಹುರಿಯದ ಬೀಜದಲ್ಲಿ ತೇವವೂ ಇರುತ್ತದೆ. ಬಿಸಿ ಮೇಣ ತಗಲಿದ ಕೂಡಲೇ ಎರಡೂ ಗುಳ್ಳೆಯಾಗಿ ಹೊರಡುತ್ತವೆ. ಹುರಿದು ಆರಿದ ಬೀಜವನ್ನು ಮೊದಲು 80 ಡಿಗ್ರಿಯ ಮೇಣದಲ್ಲಿ ಅದ್ದಿ, ಗುಳ್ಳೆ ನಿಂತ ಮೇಲೆ ಸೋಸಿ ತಟ್ಟೆಯಲ್ಲಿ ಹರಡಿ. ಆಮೇಲೆ ಕ್ಯಾಂಡಲಿಗೆ ಹಾಕಿ.

ಎಲ್ಲಕ್ಕಿಂತ ಮುಖ್ಯ, ಬೀಜ ದಾರದ ಹತ್ತಿರ ಬರಬಾರದು. ಮೊದಲು ದಾರವಿರುವ ಸಾದಾ ಕ್ಯಾಂಡಲ್ ಒಂದನ್ನು ಮಾಡಿ. ಅದನ್ನು ದೊಡ್ಡ ಅಚ್ಚಿನ ನಡುವೆ ನಿಲ್ಲಿಸಿ, ಸುತ್ತಲಿನ ಸಂದಿಯಲ್ಲಿ ಬೀಜ ತುಂಬಿ ಮೇಣ ಸುರಿಯಿರಿ. ದಾರ ಉರಿದಾಗ ಮೇಣ ಕರಗುವ ಅಗಲ ಒಳಗಿನ ಕ್ಯಾಂಡಲಿನೊಳಗೇ ಮುಗಿಯುವಷ್ಟು ತೆಳ್ಳಗಿನ ದಾರ ಆರಿಸಬೇಕು. ಒಣ ಬೀಜ, ಏಲಕ್ಕಿ ಸಿಪ್ಪೆ, ಚಕ್ಕೆ ಕರಗಿದ ಮೇಣಕ್ಕೆ ಬಿದ್ದರೆ ಅವೇ ಎರಡನೇ ಬತ್ತಿಯಾಗಿ ಹೊತ್ತಿಕೊಳ್ಳುತ್ತವೆ. ಹಂಚಿನ ಮಾಡು, ಮರದ ಅಟ್ಟದ ಮನೆಗಳಿಗೆ ಹೋಗುವ ಕ್ಯಾಂಡಲ್ ಇದು. ಒಂದನ್ನು ಪೂರ್ತಿ ಉರಿಸಿ, ಎದುರಿಗೆ ಕೂತು ನೋಡಿದ ಮೇಲೆಯೇ ಮಾರಾಟಕ್ಕೆ ಕೊಡಿ.

ಸಿಲಿಕೋನ್ ಅಚ್ಚಿನಿಂದ ಬಂದದ್ದಕ್ಕೆ ಹೊಳಪೇ ಇಲ್ಲ.

ಅಚ್ಚಿನ ಒಳಮೈ ಹೇಗೋ ಕ್ಯಾಂಡಲಿನ ಹೊರಮೈ ಹಾಗೆ. ಒಳಗೆ ಮ್ಯಾಟ್ ಇದ್ದರೆ ಹೊರಗೂ ಮ್ಯಾಟ್. ಹೂವು, ಆನೆ ಇಂಥ ಸೂಕ್ಷ್ಮ ಕೆತ್ತನೆಯ ಅಚ್ಚಿಗೆ ಮೊದಲು ಸ್ವಲ್ಪವೇ ಮೇಣ ಹಾಕಿ, ಅಚ್ಚನ್ನು ಹೊರಳಾಡಿಸಿ ಸಂದಿಗೊಂದಿಗೆ ಹೋಗುವಂತೆ ಮಾಡಿ, ಆಮೇಲೆ ತುಂಬಿ. ಕ್ಯಾಂಡಲ್ ತೆಗೆಯಲೆಂದು ಮಗ್ಗುಲು ಸೀಳಿದ ಅಚ್ಚಿಗೆ ರಬ್ಬರ್ ಬ್ಯಾಂಡ್ ಬಿಗಿಯಾಗಿ ಹಾಕಿದರೆ ಸೊಂಟದ ಸುತ್ತ ಅದರದೇ ತಗ್ಗು ಬೀಳುತ್ತದೆ. ಅಗಲದ ಬ್ಯಾಂಡನ್ನು ಸಡಿಲವಾಗಿ, ಎರಡು ಮೂರು ಕಡೆ ಹಾಕಿ.

ಆಗಲೇ ತಯಾರಾದ ಕ್ಯಾಂಡಲನ್ನು ಸರಿಪಡಿಸುವ ದಾರಿ ಇದೆಯೇ?

ಸಣ್ಣ ದೋಷಕ್ಕೆ ಇದೆ. ಅಚ್ಚು ಕೂಡಿದಲ್ಲಿನ ಏಣನ್ನು ಚಾಕುವಿನ ಬೆನ್ನಿನಿಂದ ಮೆಲ್ಲಗೆ ಹೆರೆದು, ಹಳೆಯ ನೈಲಾನ್ ಕಾಲ್ಚೀಲದಿಂದ ಉಜ್ಜಿ. ಉಜ್ಜಿದಷ್ಟೂ ಹೊಳಪು ಬರುತ್ತದೆ. ಮಬ್ಬು, ಸಣ್ಣ ಗೀರುಗಳಿಗೆ ಡ್ರೈಯರ್ ಸಾಕು; ಒಂದೇ ಕಡೆ ಹಿಡಿಯದೆ ಕೈಯಾಡಿಸುತ್ತಿರಿ.

ಗುಳಿ ಹೆಚ್ಚಿದ್ದರೆ ಅದೇ ಮೇಣವನ್ನು ಕರಗಿಸಿ ಗುಳಿಗಳಿಗೆ ತುಂಬಿ, ಆರಿದ ಮೇಲೆ ಸಮ ಮಾಡಿ, ಆಮೇಲೆ ಇಡೀ ಕ್ಯಾಂಡಲನ್ನು ದಾರ ಹಿಡಿದು 85 ಡಿಗ್ರಿಯ ಪ್ಯಾರಾಫಿನ್‌ನಲ್ಲಿ ಎರಡು ಮೂರು ಸೆಕೆಂಡು ಅದ್ದಿ ತೆಗೆಯಿರಿ. ತಕ್ಷಣ ತಣ್ಣೀರಿಗೆ ಅದ್ದಿದರೆ ಮೈ ಮಿರುಗುತ್ತದೆ. ಹೆಚ್ಚು ಹೊತ್ತು ಮುಳುಗಿಸಿದರೆ ಕೆತ್ತನೆಯ ಗೆರೆಗಳೇ ಕರಗಿಹೋಗುತ್ತವೆ. ಬಿರುಕಿಗೆ ಇದು ಮದ್ದಲ್ಲ, ಉರಿಯುವಾಗ ಅದೇ ಬಿರುಕಿನಿಂದ ಮೇಣ ಹರಿದುಹೋಗುತ್ತದೆ. ಅಂಥದ್ದನ್ನು ಕರಗಿಸಿ ಹೊಸದು ಮಾಡಿ. ಕರಗಿಸುವಾಗ ಸುಟ್ಟ ದಾರದ ತುಂಡು ಸೋಸಿ ತೆಗೆಯಿರಿ, ಉಳಿದದ್ದನ್ನು ಸಿಂಕಿಗೆ ಮಾತ್ರ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ.

ಮಳೆಗಾಲ ಮುಗಿಯುವವರೆಗೆ ಹೇಗೆ ಇಡುವುದು?

ಅಚ್ಚಿನಿಂದ ತೆಗೆದದ್ದನ್ನು ಬರಿಗೈಯಲ್ಲಿ ಮುಟ್ಟುತ್ತಿದ್ದರೆ ಬೆರಳಚ್ಚು ಉಳಿಯುತ್ತದೆ, ಹತ್ತಿಯ ಕೈಗವಸು ಹಾಕಿಕೊಳ್ಳಿ. ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿ ಮಲಗಿಸಿ. ನ್ಯೂಸ್ ಪೇಪರ್ ಬೇಡ, ಅಕ್ಷರ ಮೈಗೆ ಹತ್ತುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹೊಗೆಯ ಮಸಿ ಕೂರುತ್ತದೆ, ತೆಳ್ಳಗಿನವು ಬಾಗಿಯೂ ಹೋಗುತ್ತವೆ. ಮಲಗುವ ಕೋಣೆಯ ಬೀರುವಿನ ಕೆಳಗಿನ ಅರೆ ಒಳ್ಳೆಯ ಜಾಗ. ಕರಗಿಸದ ಮೇಣದ ಚೀಲವನ್ನೂ ನೆಲಕ್ಕೆ ತಾಗಿಸದೆ ಮಣೆಯ ಮೇಲಿಡಿ. ಸುರಿಯುವ ಹಿಂದಿನ ರಾತ್ರಿಯೇ ಅದನ್ನು ಅಡುಗೆಮನೆಗೆ ತಂದಿಟ್ಟುಕೊಳ್ಳಿ.